ಜಗಲಿಯಿಂದ ಅಂಗಳಕ್ಕೆ: ಕನ್ನಡನಾಡಿನ ಹುಡುಗಿಯರ ಆಟಗಳು

ಕರ್ನಾಟಕದ ಹುಡುಗಿಯರು ತಲೆಮಾರುಗಳಿಂದ ಆಡಿಕೊಂಡು ಬಂದಿರುವ ಆಟಗಳಲ್ಲಿ ಹೆಚ್ಚಿನವಕ್ಕೆ ಬೇಕಾದ ಜಾಗ ಬಹಳ ಕಡಿಮೆ. ಅಚ್ಚಿನಕಲ್ಲಿಗೆ ಚಾಪೆಯಗಲದ ನೆಲ ಸಾಕು. ಅಳಗುಳಿ ಮಣೆ ಎದುರುಬದುರು ಕೂತ ಇಬ್ಬರ ನಡುವೆ ಹಿಡಿಸುತ್ತದೆ. ಚೌಕಾಬಾರಕ್ಕೆ ಸೀಮೆಸುಣ್ಣದಲ್ಲಿ ಎಳೆದ ಒಂದು ಚೌಕ, ಕುಂಟೆಬಿಲ್ಲೆಗೆ ಅಂಗಳದ ಒಂದು ಮೂಲೆ. ಅದೇ ಊರಿನ ಹುಡುಗರ ಚಿನ್ನಿದಾಂಡು, ಬುಗುರಿ, ಗೋಲಿಗಳಿಗೆ ಬೀದಿ ಬೇಕು, ಬಯಲು ಬೇಕು. ಈ ಹಂಚಿಕೆ ತಾನಾಗಿ ಆದದ್ದಲ್ಲ. ಹುಡುಗಿ ಅಮ್ಮ ಕರೆದರೆ ಓಗೊಡುವಷ್ಟು ಹತ್ತಿರದಲ್ಲೇ ಆಡಬೇಕಿತ್ತು. ತೊಟ್ಟಿಲಲ್ಲಿ ಮಲಗಿದ ತಮ್ಮನ ಮೇಲೊಂದು ಕಣ್ಣು, ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣು ಇಟ್ಟುಕೊಂಡೇ ಕಲ್ಲು ಚಿಮ್ಮಬೇಕಿತ್ತು. ಹೀಗಾಗಿ ನಡುವೆ ಎದ್ದುಹೋಗಿ, ಕೆಲಸ ಮುಗಿಸಿ ಬಂದು, ಬಿಟ್ಟಲ್ಲಿಂದ ಮುಂದುವರಿಸಬಹುದಾದ ಆಟಗಳೇ ಅವಳ ಪಾಲಿಗೆ ಉಳಿದವು. ಆ ಇಕ್ಕಟ್ಟಿನೊಳಗೆ ಅವಳು ಕೈಚಳಕವನ್ನೂ ಲೆಕ್ಕಾಚಾರವನ್ನೂ ಎಷ್ಟು ಸೂಕ್ಷ್ಮಕ್ಕೆ ಒಯ್ದಳೆಂಬುದು ಆಟಗಳನ್ನು ಒಂದೊಂದಾಗಿ ನೋಡಿದರೆ ತಿಳಿಯುತ್ತದೆ.

ಕೈಚಳಕದ ಆಟಗಳಲ್ಲಿ ಮೊದಲ ಸ್ಥಾನ ಐದು ಕಲ್ಲಿನ ಆಟಕ್ಕೆ ಸಲ್ಲಬೇಕು. ಅಚ್ಚಿನಕಲ್ಲು, ಆಣೆಕಲ್ಲು, ಕಲ್ಲಾಟ, ಹಳ್ಳಾಟ ಎಂದು ಸೀಮೆಗೊಂದು ಹೆಸರು. ಕಲ್ಲಿನ ಬದಲು ಗಜ್ಜುಗದ ಬೀಜ ಬಳಸುವ ಕಡೆ ಅದೇ ಗಜ್ಜುಗದಾಟ. ಉತ್ತರ ಕರ್ನಾಟಕದವರಿಗೆ ಅದು ಗಜಗ. ಬೇಲಿಯಲ್ಲಿ ಹಬ್ಬುವ ಮುಳ್ಳುಬಳ್ಳಿಯ ಮುಳ್ಳುಮುಳ್ಳಾದ ಕಾಯಿಯೊಳಗೆ ಸಿಗುವ ಬೂದುಬಣ್ಣದ ಗಟ್ಟಿ ಬೀಜವದು. ನುಣುಪಾಗಿ ಕೈಗೆ ಹಿತವಾಗಿರುತ್ತದೆ, ಎಷ್ಟು ಬಿದ್ದರೂ ಒಡೆಯುವುದಿಲ್ಲ. ಕಲ್ಲನ್ನೇ ಆರಿಸುವುದಾದರೆ ಅಡಿಕೆ ಗಾತ್ರದ, ಮೂಲೆ ಸವೆದ ಹೊಳೆಗಲ್ಲು ಒಳ್ಳೆಯದು. ಪೂರಾ ಉರುಟಾದದ್ದು ಉರುಳಿ ದೂರ ಹೋಗುತ್ತದೆ, ಚಪ್ಪಟೆಯಾದದ್ದು ನೆಲಕ್ಕೆ ಅಂಟಿದಂತಾಗಿ ಬೆರಳಿಗೆ ಸಿಕ್ಕುವುದಿಲ್ಲ. ಆರಿಸಿದ ಐದು ಕಲ್ಲುಗಳನ್ನು ಲಂಗದ ಜೇಬಿನಲ್ಲೋ ಪಾಟಿಚೀಲದಲ್ಲೋ ವರ್ಷಗಟ್ಟಲೆ ಜೋಪಾನ ಮಾಡುತ್ತಿದ್ದ ಹುಡುಗಿಯರು ಊರೂರಿಗೂ ಇದ್ದರು.

ಆಟ ಶುರುವಾಗುವುದು ಐದನ್ನೂ ನೆಲಕ್ಕೆ ಚೆಲ್ಲುವುದರಿಂದ. ಒಂದನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗಿಳಿಯುವುದರೊಳಗೆ ನೆಲದ ಒಂದು ಕಲ್ಲನ್ನು ಬಾಚಿಕೊಂಡು, ಬೀಳುವ ಕಲ್ಲನ್ನೂ ಅದೇ ಕೈಯಲ್ಲಿ ಹಿಡಿಯಬೇಕು. ಮೊದಲ ಸುತ್ತಿನಲ್ಲಿ ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ಒಮ್ಮೆ ಮೂರು ಒಮ್ಮೆ ಒಂದು, ನಾಲ್ಕನೆಯದರಲ್ಲಿ ನಾಲ್ಕನ್ನೂ ಒಂದೇ ಬಾಚಿಗೆ. ಎತ್ತಬೇಕಾದ ಕಲ್ಲು ಬಿಟ್ಟು ಇನ್ನೊಂದು ಕದಲಿದರೆ ಔಟು. ಮುಂದಿನ ಸುತ್ತುಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಎಡಗೈಯ ಹೆಬ್ಬೆರಳು, ತೋರುಬೆರಳನ್ನು ಕಮಾನಿನಂತೆ ಊರಿ ಕಲ್ಲುಗಳನ್ನು ಅದರೊಳಗೆ ತಳ್ಳುವುದುಂಟು. ಐದನ್ನೂ ಎಸೆದು ಹಿಂಗೈ ಮೇಲೆ ನಿಲ್ಲಿಸಿಕೊಂಡು, ಮತ್ತೆ ಚಿಮ್ಮಿ ಅಂಗೈಯಲ್ಲಿ ಹಿಡಿದಷ್ಟನ್ನು ಲೆಕ್ಕಕ್ಕೆ ಸೇರಿಸುವುದುಂಟು.

ನೋಡುವವರಿಗೆ ಸುಲಭವೆನ್ನಿಸುವ ಈ ಆಟದೊಳಗೆ ಸಮಯದ ಲೆಕ್ಕವೊಂದು ಅಡಗಿದೆ. ಒಂದೂವರೆ ಅಡಿ ಎತ್ತರಕ್ಕೆ ಚಿಮ್ಮಿದ ಕಲ್ಲು ಕೈಗೆ ಮರಳಲು ಸುಮಾರು 0.6 ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ಕೈ ನೆಲ ಮುಟ್ಟಿ, ಬಾಚಿ, ತಿರುಗಿ ಮೇಲೆ ಬರಬೇಕು. ಹೆಚ್ಚು ಹೊತ್ತು ಬೇಕೆಂದು ಎತ್ತರಕ್ಕೆ ಚಿಮ್ಮಿದರೆ ತೊಡಕು ಬೇರೆ: ಸಮಯ ಎರಡರಷ್ಟಾಗಲು ಎತ್ತರ ನಾಲ್ಕರಷ್ಟಾಗಬೇಕು, ಮತ್ತು ಅಷ್ಟು ಮೇಲೆ ಹೋದ ಕಲ್ಲು ನೆಟ್ಟಗೆ ಕೈಮೇಲೆ ಬೀಳುವುದು ಅಪರೂಪ. ಪಳಗಿದ ಆಟಗಾತಿ ಕಡಿಮೆ ಎತ್ತರಕ್ಕೇ ಚಿಮ್ಮುತ್ತಾಳೆ. ಕಲ್ಲುಗಳನ್ನು ಚೆಲ್ಲುವಾಗಲೇ ಯಾವ ಸುತ್ತಿಗೆ ಹರಡಬೇಕು, ಯಾವುದಕ್ಕೆ ಗುಂಪಾಗಿ ಬೀಳಿಸಬೇಕು ಎಂದು ಕೈಯನ್ನು ಹದ ಮಾಡಿಕೊಂಡಿರುತ್ತಾಳೆ. ಗೆಲುವಿನ ಅರ್ಧಭಾಗ ಆ ಚೆಲ್ಲುವಿಕೆಯಲ್ಲೇ ನಿರ್ಧಾರವಾಗಿರುತ್ತದೆ. ಬೀಳುವ ವಸ್ತುವಿನ ಪಾಠ ಶಾಲೆಯಲ್ಲಿ ಬರುವ ಎಷ್ಟೋ ವರ್ಷ ಮೊದಲೇ ಏಳೆಂಟು ವರ್ಷದ ಹುಡುಗಿಯ ಕೈಗೆ ಅದು ಗೊತ್ತಾಗಿರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ಆಟ ಬಳೆಚೂರಿನದು. ಒಡೆದ ಗಾಜಿನ ಬಳೆಗಳ ತುಂಡುಗಳನ್ನು ಹಿಡಿಯಲ್ಲಿ ತುಂಬಿಕೊಂಡು ನೆಲಕ್ಕೆ ಬಿಟ್ಟು, ಪಕ್ಕದ ಚೂರು ಅಲುಗದಂತೆ ಒಂದೊಂದನ್ನೇ ಹೊರಗೆಳೆಯಬೇಕು. ಎಳೆದದ್ದೆಲ್ಲ ಎಳೆದವಳಿಗೇ. ಬಣ್ಣಬಣ್ಣದ ಚೂರುಗಳ ಡಬ್ಬಿ ಹುಡುಗಿಯರ ಆಸ್ತಿಯಾಗಿರುತ್ತಿತ್ತು. ಮದುವೆಮನೆಯಲ್ಲಿ, ಜಾತ್ರೆಯ ಬಳೆಗಾರನ ಸುತ್ತ ಬಿದ್ದ ಚೂರುಗಳಿಗೆ ಪೈಪೋಟಿಯೇ ನಡೆಯುತ್ತಿತ್ತು. ಅದೇ ಚೂರುಗಳನ್ನು ಚಿಮಣಿ ದೀಪದ ಉರಿಗೆ ಹಿಡಿದು, ಗಾಜು ಮೆತ್ತಗಾದಾಗ ತುದಿಗಳನ್ನು ಬಾಗಿಸಿ ಒಂದಕ್ಕೊಂದು ಕೊಂಡಿ ಹಾಕಿದರೆ ಬಾಗಿಲಿಗೆ ಇಳಿಬಿಡುವ ಸರ ಸಿದ್ಧ. ಬೆರಳು ಸುಟ್ಟುಕೊಳ್ಳದೆ ಇದನ್ನು ಕಲಿತವರು ಕಡಿಮೆ.

ಲೆಕ್ಕದ ಆಟಗಳಿಗೆ ಬಂದರೆ ಅಳಗುಳಿ ಮಣೆಯ ಮುಂದೆ ನಿಲ್ಲುವಂಥದ್ದು ಇನ್ನೊಂದಿಲ್ಲ. ತುಳುನಾಡಿನಲ್ಲಿ ಇದು ಚೆನ್ನೆಮಣೆ. ಮರದ ಮಣೆಯಲ್ಲಿ ಏಳೇಳರ ಎರಡು ಸಾಲಾಗಿ 14 ಗುಳಿಗಳು. ಗುಳಿಗೆ ನಾಲ್ಕರಂತೆ ಹಾಕಿದರೆ 56 ಕಾಯಿ, ಐದರಂತೆ ಹಾಕಿದರೆ 70. ಹುಣಸೆಬೀಜ, ಕವಡೆ, ಮಂಜೊಟ್ಟಿ ಯಾವುದಾದರೂ ಆದೀತು. ಆಡುವವಳು ತನ್ನ ಕಡೆಯ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದರಂತೆ ಬಿತ್ತುತ್ತಾ ಹೋಗುತ್ತಾಳೆ. ಕೈ ಖಾಲಿಯಾದ ಕೂಡಲೇ ಮುಂದಿನ ಗುಳಿಯಲ್ಲಿರುವುದನ್ನು ಎತ್ತಿಕೊಂಡು ಬಿತ್ತನೆ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದನ್ನು ಬೆರಳಲ್ಲಿ ಸವರಿ, ಅದರಾಚೆಯ ಗುಳಿಯಲ್ಲಿರುವುದನ್ನೆಲ್ಲ ಗೆದ್ದುಕೊಳ್ಳುತ್ತಾಳೆ. ಅಲ್ಲಿಗೆ ಸರದಿ ಎದುರಾಳಿಗೆ. ಸವರಿದ ಗುಳಿಯಾಚೆಯದೂ ಖಾಲಿಯಾಗಿದ್ದರೆ ಗಿಟ್ಟುವುದು ಏನೂ ಇಲ್ಲ. ಆಟದ ನಡುವೆ ತನ್ನ ಗುಳಿಯಲ್ಲಿ ನಾಲ್ಕು ಕಾಯಿ ಕೂಡಿದರೆ ಗುಳಿಯ ಒಡತಿ ಅದನ್ನು ಎತ್ತಿಕೊಳ್ಳುವ ನಿಯಮವೂ ಹಲವೆಡೆ ಇದೆ.

ಇದರಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲ. ಕವಡೆ ಉರುಳಿಸುವುದಿಲ್ಲ, ಕಾಯಿ ಮುಚ್ಚಿಡುವುದಿಲ್ಲ, ಇರುವುದೆಲ್ಲ ಇಬ್ಬರ ಕಣ್ಣೆದುರೇ ಇರುತ್ತದೆ. ಯಾವ ಗುಳಿಯಿಂದ ಎತ್ತಿದರೆ ಬಿತ್ತನೆ ಎಲ್ಲಿ ಮುಗಿದೀತು, ಅಲ್ಲಿಂದೆತ್ತಿದ್ದು ಎಲ್ಲಿಗೆ ಮುಟ್ಟೀತು ಎಂದು ಎರಡು ಮೂರು ಸುತ್ತು ಮನಸ್ಸಿನಲ್ಲೇ ಓಡಿಸಿ ನೋಡಬಲ್ಲವಳು ಗೆಲ್ಲುತ್ತಾಳೆ. ಎಣಿಸುತ್ತಾ ಬೆರಳಿಂದ ಗುಳಿ ಮುಟ್ಟಕೂಡದೆಂಬ ಕಟ್ಟಳೆಯನ್ನು ಕೆಲವು ಮನೆಗಳಲ್ಲಿ ಹಾಕುತ್ತಿದ್ದುದರಿಂದ ಈ ಲೆಕ್ಕವೆಲ್ಲ ಕಣ್ಣಲ್ಲೇ ಆಗಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರು ಓದಿದ ಮೊಮ್ಮಕ್ಕಳನ್ನು ಈ ಆಟದಲ್ಲಿ ಸಲೀಸಾಗಿ ಸೋಲಿಸುತ್ತಿದ್ದುದಕ್ಕೆ ಕಾರಣ ಇದೇ ಅಭ್ಯಾಸ.

ಚೆನ್ನೆಮಣೆಗೆ ತುಳುವರ ಮನೆಗಳಲ್ಲಿ ಕಾಲವೂ ಕಥೆಯೂ ಕೂಡಿಕೊಂಡಿವೆ. ಮಳೆ ಬಿಡದೆ ಸುರಿಯುವ, ಗದ್ದೆ ಕೆಲಸ ಇಳಿಮುಖವಾಗುವ ಆಟಿ ತಿಂಗಳು ಅದರ ಕಾಲ. ಕಥೆ ಸಿರಿಯದು. ತುಳು ಮಹಾಕಾವ್ಯವಾದ ಸಿರಿಯಲ್ಲಿ ಅವಳ ಮೊಮ್ಮಕ್ಕಳಾದ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡಲು ಕೂರುತ್ತಾರೆ. ಸೋಲುಗೆಲುವಿನ ಜಗಳ ಏರಿ ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಕೊನೆಗೆ ಇಬ್ಬರೂ ಉಳಿಯುವುದಿಲ್ಲ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆಗೆ ಮೂಲ ಇದು. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯದ 15,000ಕ್ಕೂ ಹೆಚ್ಚು ಸಾಲುಗಳ ಪಠ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಇಬ್ಬರು ಹುಡುಗಿಯರ ಮಣೆಯಾಟ ಒಂದು ಮಹಾಕಾವ್ಯದ ದುರಂತಕ್ಕೆ ತಿರುವಾಗುವಷ್ಟು ಆ ನಾಡಿನ ಬದುಕಿನಲ್ಲಿ ಬೆರೆತಿತ್ತು.

ಮಣೆಯಾಟಗಳು ಹೆಂಗಸರ ಜಗಲಿಗಷ್ಟೇ ಸೇರಿದ್ದವೆಂದು ತಿಳಿಯಬೇಕಿಲ್ಲ. ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯಿದ್ದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಈಚಿನ ದಿನಗಳಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಗಳನ್ನು ಹೊಸದಾಗಿ ಮಾಡಿಸಿ, ಪ್ರದರ್ಶನಗಳ ಮೂಲಕ ಮತ್ತೆ ಮನೆಗಳಿಗೆ ತಲುಪಿಸುತ್ತಿದೆ.

ಅಳಗುಳಿಯಲ್ಲಿ ಇಲ್ಲದ ಅದೃಷ್ಟ ಚೌಕಾಬಾರದಲ್ಲಿದೆ. ಐದೈದರ 25 ಮನೆ, ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು, ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿ ಕಾಯಿ ನಡೆಸುವುದು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಎಂಟರ ಬಾರ. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದುಕೊಂಡರೆ ಎರಡು ಬೀಳುವ ಸಾಧ್ಯತೆ 16ರಲ್ಲಿ 6, ಚೌಕಕ್ಕೂ ಬಾರಕ್ಕೂ 16ರಲ್ಲಿ ಒಂದೊಂದು. ಹೊರಸುತ್ತನ್ನು ಎಡಕ್ಕೆ ಸುತ್ತಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿದ ಮೇಲೆ ಒಳಸುತ್ತಿಗೆ ಹೊಕ್ಕು ಅಲ್ಲಿ ಬಲಕ್ಕೆ ತಿರುಗಿ ಮಧ್ಯದ ಮನೆಯಲ್ಲಿ ಹಣ್ಣಾಗಬೇಕು. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಕೆಲಸ ನಡೆಯುತ್ತದೆ.

ಕೂತಾಡುವ ಆಟಗಳಿಂದ ಎದ್ದು ಅಂಗಳಕ್ಕೆ ಇಳಿದರೆ ಕುಂಟೆಬಿಲ್ಲೆ, ಉತ್ತರದಲ್ಲಿ ಕುಂಟಲಿಪಿ. ಹೆಂಚಿನ ಚೂರೇ ಬಿಲ್ಲೆ ಅಥವಾ ಬಚ್ಚು. ನೆಲದ ಮೇಲೆ ಎಳೆದ ಮನೆಗಳಲ್ಲಿ ಮೊದಲನೆಯದಕ್ಕೆ ಬಿಲ್ಲೆ ಎಸೆದು, ಆ ಮನೆ ಬಿಟ್ಟು ಉಳಿದವನ್ನು ಒಂಟಿಗಾಲಲ್ಲಿ ಹಾರಿ, ಮರಳುವಾಗ ಬಿಲ್ಲೆಯನ್ನು ಎತ್ತಿಕೊಂಡೋ ಕಾಲಲ್ಲಿ ಒದ್ದೋ ಹೊರತರಬೇಕು. ಗೆರೆ ತುಳಿದರೆ ಔಟು, ಬಿಲ್ಲೆ ಗೆರೆಯ ಮೇಲೆ ಬಿದ್ದರೂ ಔಟು. ಎಲ್ಲ ಮನೆ ಮುಗಿಸಿದವಳು ಕಣ್ಣು ಮುಚ್ಚಿ ಒಂದೊಂದು ಹೆಜ್ಜೆಗೂ ‘ರೈಟಾ?’ ಎಂದು ಕೇಳುತ್ತಾ, ಗೆಳತಿಯರು ‘ರೈಟು’ ಎಂದರೆ ಮುಂದೆ ಸಾಗುತ್ತಾ ಮನೆಗಳನ್ನು ದಾಟುವ ಘಟ್ಟವೊಂದಿದೆ. ಕೊನೆಯದಾಗಿ ಬೆನ್ನು ತಿರುಗಿಸಿ ನಿಂತು ತಲೆಯ ಮೇಲಿಂದ ಬಿಲ್ಲೆ ಎಸೆದರೆ ಅದು ಬಿದ್ದ ಮನೆ ಅವಳದು. ಅಲ್ಲಿ ಅವಳು ಎರಡು ಕಾಲೂರಿ ನಿಲ್ಲಬಹುದು. ಬೇರೆಯವರು ಆ ಮನೆಯನ್ನು ಹಾರಿಯೇ ದಾಟಬೇಕು. ಆಟ ಮುಂದುವರಿದಂತೆ ಹಾರಬೇಕಾದ ದೂರ ಹೆಚ್ಚುತ್ತಾ ಹೋಗುತ್ತದೆ. ಗೆದ್ದವಳಿಗೆ ಸಿಗುವುದು ಜಾಗದ ಒಡೆತನ ಎಂಬುದು ಈ ಆಟದ ಅಂದ. ಆಸ್ತಿಯಲ್ಲಿ ಪಾಲಿಲ್ಲದ ಕಾಲದಲ್ಲೂ ಹುಡುಗಿಯರು ಸೀಮೆಸುಣ್ಣದ ಗೆರೆಯೊಳಗೆ ಮನೆ ಗೆದ್ದುಕೊಂಡರು.

ಕಣ್ಣಾಮುಚ್ಚಾಲೆ, ಜೂಟಾಟ, ಕೆರೆದಡ, ಹಗ್ಗದಾಟಗಳು ಎಲ್ಲರಿಗೂ ಗೊತ್ತಿರುವವು. ಇಂಥ ಗುಂಪಿನ ಆಟಗಳಲ್ಲಿ ಗಮನಿಸಬೇಕಾದದ್ದು ಪುಟ್ಟ ಮಕ್ಕಳಿಗೆ ಸಿಗುವ ಸ್ಥಾನ. ಅಕ್ಕನ ಬೆನ್ನಿಗೆ ಬಿದ್ದು ಬಂದ ನಾಲ್ಕು ವರ್ಷದ ತಂಗಿಯನ್ನು ಹೊರಗಿಡುವಂತಿಲ್ಲ, ನಿಯಮಕ್ಕೆ ಒಳಪಡಿಸುವಂತೆಯೂ ಇಲ್ಲ. ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವಳೂ ಓಡುತ್ತಾಳೆ, ಅವಿತುಕೊಳ್ಳುತ್ತಾಳೆ, ಸಿಕ್ಕಿಬಿದ್ದರೂ ಔಟಾಗುವುದಿಲ್ಲ. ಹೀಗೆ ಒಂದೆರಡು ವರ್ಷ ಆಡಿದ ಮಗು ಯಾರೂ ಹೇಳಿಕೊಡದೆ ಇಡೀ ಆಟ ಕಲಿತಿರುತ್ತದೆ. ಒಂದೇ ವಯಸ್ಸಿನವರನ್ನಷ್ಟೇ ಕೂಡಿಸುವ ಇಂದಿನ ಶಿಬಿರಗಳಲ್ಲಿ ಸಿಗದಿರುವುದು ಇದೇ.

ಉತ್ತರ ಕರ್ನಾಟಕದ ಫುಗಡಿಗೆ ಸಾಮಾನೇ ಬೇಡ. ಇಬ್ಬರು ಹುಡುಗಿಯರು ಪಾದಕ್ಕೆ ಪಾದ ತಾಗಿಸಿ, ಕೈಗಳನ್ನು ಕತ್ತರಿಯಾಗಿ ಹಿಡಿದು, ಹಿಂದಕ್ಕೆ ಬಾಗಿ ಗಿರಗಿರನೆ ತಿರುಗುತ್ತಾರೆ. ಭಾರ ಹೆಚ್ಚಿರುವವಳು ಕಡಿಮೆ ಬಾಗಬೇಕು, ಹಗುರಾದವಳು ಹೆಚ್ಚು ಬಾಗಬೇಕು. ಇಬ್ಬರ ಎಳೆತ ಸಮನಾದರಷ್ಟೇ ಸುತ್ತು ನಿಲ್ಲದೆ ಸಾಗುತ್ತದೆ. ಒಬ್ಬಳು ಕೈಬಿಟ್ಟರೆ ಇಬ್ಬರೂ ಬೀಳುತ್ತಾರೆ. ಗೌರಿ, ಪಂಚಮಿ ಹಬ್ಬಗಳಲ್ಲಿ ದೊಡ್ಡ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಇದಕ್ಕೆ ಇಳಿಯುವುದುಂಟು.

ಹಬ್ಬ ಬಂದರೆ ಜಗಲಿಯ ಗಡಿ ಹಿಗ್ಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಉತ್ತರ ಕರ್ನಾಟಕದ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿಗಳಿಂದ ಸಿಂಗರಿಸಿ, ಮನೆಮನೆಗೆ ಹೋಗಿ ಹಾಡುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೋ ಹಳ್ಳದ ದಂಡೆಗೋ ಹೋಗಿ ಕೂಡಿ ಉಂಡು ಅವಳನ್ನು ಕಳಿಸಿಬರುತ್ತಾರೆ. ದೊಡ್ಡವರ ಉಸ್ತುವಾರಿ ಕಡಿಮೆಯಿರುವ, ಹುಡುಗಿಯರೇ ಮುಂದೆ ನಿಂತು ನಡೆಸುವ ಹಬ್ಬವಿದು. ಕಾರ್ತಿಕದ ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನು ಆರತಿ ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಲು ಹೋಗುತ್ತಾರೆ. ಆರತಿಯಾದ ಮೇಲೆ ಗೊಂಬೆಗಳು ಬಾಯಿಗೆ. ಹಳೆ ಮೈಸೂರಿನಲ್ಲಿ ದಸರೆಯ ಗೊಂಬೆಗಳು. ಹಂತ ಜೋಡಿಸುವುದು, ಪಟ್ಟದ ಗೊಂಬೆಗಳಿಗೆ ಬಟ್ಟೆ ಉಡಿಸುವುದು, ಸಂಜೆ ಬಂದ ಮಕ್ಕಳಿಗೆ ಬೊಂಬೆ ಬಾಗಿನ ಹಂಚುವುದು ಹುಡುಗಿಯರ ಪಾಲಿನ ಸಂಭ್ರಮ. ವರ್ಷದ ಉಳಿದ ದಿನಗಳ ಅಡುಗೆ ಆಟಕ್ಕೆ, ಗೊಂಬೆ ಮದುವೆಗೆ ಚನ್ನಪಟ್ಟಣದ ಬಣ್ಣದ ಮರದ ಸಾಮಾನುಗಳಿದ್ದವು. ಆಲೆಮರದ ಹಗುರ ಕಟ್ಟಿಗೆಯನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಹೊಳಪು ಕೊಟ್ಟ ಪುಟ್ಟ ಒಲೆ, ಬೀಸುವ ಕಲ್ಲು, ಕೊಡಪಾನಗಳು ಅವು.

ಎಲ್ಲಕ್ಕಿಂತ ದೊಡ್ಡದು ನಾಗರಪಂಚಮಿಯ ಜೋಕಾಲಿ. ಬೇವು, ಹುಣಸೆ, ಆಲದ ಕೊಂಬೆಗೆ ಹೊರಜಿ ಹಗ್ಗ ಕಟ್ಟಿ ಇಬ್ಬರು ಎದುರುಬದುರು ನಿಂತು ಜೀಕುತ್ತಾರೆ. ಮೇಲಿನ ತುದಿಯಲ್ಲಿ ಮಂಡಿ ಮಡಚಿ ತಗ್ಗುವುದು, ತಳಕ್ಕೆ ಬಂದಾಗ ನೆಟ್ಟಗೆ ಏಳುವುದು ಜೀಕುವ ವಿದ್ಯೆ. ತಳದಲ್ಲಿ ಎದ್ದಾಗ ಮೈ ಮಾಡುವ ಕೆಲಸವೇ ಜೋಕಾಲಿಯನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತದೆ. 20 ಅಡಿ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಲು ಸುಮಾರು 5 ಸೆಕೆಂಡು ಬೇಕು. ಉದ್ಯಾನದ ಆರೇಳು ಅಡಿ ಸರಪಳಿಯ ಉಯ್ಯಾಲೆ 3 ಸೆಕೆಂಡಿನೊಳಗೆ ಮರಳುತ್ತದೆ. ಮರದ ಜೋಕಾಲಿ ಆಡಿದವರಿಗೆ ಉದ್ಯಾನದ್ದು ಸಪ್ಪೆಯೆನ್ನಿಸಲು ಕಾರಣ ಈ ಅಂತರದಲ್ಲೇ ಇದೆ. ಪಂಚಮಿಗೆ ಗಂಡನ ಮನೆಯಿಂದ ತವರಿಗೆ ಬಂದ ಹೆಣ್ಣುಮಕ್ಕಳು ಶೇಂಗಾ ಉಂಡಿ, ಅಳ್ಳಿಟ್ಟು ತಿಂದು ಮತ್ತೆ ಹುಡುಗಿಯರಾಗಿ ಜೀಕುತ್ತಾರೆ. ಆ ಹಬ್ಬಕ್ಕಾಗಿ ಅವರು ವರ್ಷವಿಡೀ ಕಾಯುತ್ತಿದ್ದುದು ಸಹಜವೇ.

ಏಕೆಂದರೆ ಉಳಿದ ದಿನಗಳಲ್ಲಿ ಅವರ ಆಟ ಎಂದೋ ಮುಗಿದಿರುತ್ತಿತ್ತು. ಮೈನೆರೆದ ದಿನವೇ ಕುಂಟೆಬಿಲ್ಲೆಯ ಬಚ್ಚು ಕೈಬಿಡಬೇಕೆಂಬುದು ಬಹುಪಾಲು ಮನೆಗಳ ಕಟ್ಟುಪಾಡಾಗಿತ್ತು. ಅನೇಕರಿಗೆ ಅದಕ್ಕೂ ಮೊದಲೇ ಮದುವೆ. 1929ರ ಶಾರದಾ ಕಾಯ್ದೆ ಹೆಣ್ಣಿನ ಮದುವೆಯ ವಯಸ್ಸನ್ನು 14ಕ್ಕೆ ನಿಗದಿ ಮಾಡಿತು. 1978ರ ತಿದ್ದುಪಡಿ ಅದನ್ನು 18ಕ್ಕೆ ಏರಿಸಿತು. ಕಾಯ್ದೆಯೂ ಶಾಲೆಯೂ ಕೂಡಿ ಹುಡುಗಿಯರ ಆಡುವ ವಯಸ್ಸನ್ನು ಉದ್ದ ಮಾಡಿದವು. ಬಯಲನ್ನೂ ಅವರಿಗೆ ತೆರೆದವು. ಶಾಲೆಯ ಮೈದಾನದಲ್ಲಿ ಅವರು ಕೈಗೆತ್ತಿಕೊಂಡ ಖೋ-ಖೋ ಜೂಟಾಟದ ಹತ್ತಿರದ ನೆಂಟ: ಅದೇ ಬೆನ್ನಟ್ಟುವಿಕೆ, ಅದೇ ತಪ್ಪಿಸಿಕೊಳ್ಳುವಿಕೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ಆ ಪಂದ್ಯದಲ್ಲಿ ಐದು ನಿಮಿಷಕ್ಕೂ ಹೆಚ್ಚು ಕಾಲ ಎದುರಾಳಿಗಳ ಕೈಗೆ ಸಿಗದೆ ಓಡಿದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು.

ಹಳೆಯ ಆಟಗಳನ್ನು ಇಂದಿನ ಮನೆಯಲ್ಲಿ ಆಡಿಸಲು ದೊಡ್ಡ ಸಿದ್ಧತೆ ಬೇಕಿಲ್ಲ. ವಯಸ್ಸನ್ನು ನೋಡಿಕೊಂಡರೆ ಸಾಕು. ನಾಲ್ಕೈದು ವರ್ಷಕ್ಕೆ ಮಕ್ಕಳು ಒಂಟಿಗಾಲಲ್ಲಿ ಕುಪ್ಪಳಿಸಲು ಶುರುಮಾಡುತ್ತಾರೆ. ಆಗ ಬಿಲ್ಲೆಯಿಲ್ಲದೆ ಬರೀ ಮನೆ ಹಾರಿಸಬಹುದು, ಪೂರಾ ಕುಂಟೆಬಿಲ್ಲೆ ಆರರ ನಂತರ. ಐದು ಕಲ್ಲನ್ನು ಮೂರು ಕಲ್ಲಿನಿಂದ ಆರಂಭಿಸಿದರೆ ಕೈ ಬೇಗ ಪಳಗುತ್ತದೆ. ಅಳಗುಳಿಗೆ ಮಣೆಯೇ ಬೇಕೆಂದಿಲ್ಲ, ಮೊಟ್ಟೆಯ ಟ್ರೇಯಲ್ಲಿ 14 ಗುಳಿ ಆರಿಸಿಕೊಳ್ಳಬಹುದು. ಕಾಯಿಗೆ ಹುಣಸೆಬೀಜ ಒಳ್ಳೆಯದು. ಕಪ್ಪು ಮಚ್ಚೆಯ ಕೆಂಪು ಗುಲಗಂಜಿ ನೋಡಲು ಚೆಂದವಾದರೂ ಅದರೊಳಗೆ ಕಟುವಿಷವಿದೆ, ಒಡೆದೋ ಅಗಿದೋ ನುಂಗಿದರೆ ಜೀವಕ್ಕೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಬಳೆಚೂರಿನ ಆಟಕ್ಕೆ ಗಾಜಿನ ಬದಲು ಬಣ್ಣದ ಕಡ್ಡಿಗಳಾದೀತು. ಎರಡಡಿ ಅಗಲದ ಟೈಲ್ಸ್ ಹಾಸಿದ ಅಪಾರ್ಟ್‌ಮೆಂಟಿನ ಪಡಸಾಲೆಯಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುವ ಕೆಲಸವೂ ಇಲ್ಲ. ಆದರೆ ನುಣುಪು ನೆಲದಲ್ಲಿ ಹೆಂಚಿನ ಚೂರು ಜಾರಿ ಗೆರೆ ದಾಟುತ್ತದೆ, ಮಣ್ಣೋ ಅಕ್ಕಿಯೋ ತುಂಬಿ ಹೊಲಿದ ಪುಟ್ಟ ಬಟ್ಟೆಯ ಚೀಲವಾದರೆ ಬಿದ್ದಲ್ಲೇ ಕೂರುತ್ತದೆ.